ರಕ್ಷಣಾ ಆದೇಶ ತೆಗೆಸುವುದು ಹೇಗೆ? ಕಾಸರಗೋಡಿನ ಕನ್ನಡದವರಿಗೆ ಒಂದು ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಪೆರ್ಲ ಕಡೆಯ ಒಬ್ಬ ಹೆಂಗಸು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಷನ್ ಕಾರ್ಡು, ಮಗಳ ಟಿಸಿ, ಗಂಡ ಮನೆಗೆ ಬರಬಾರದು, ತೊಂದರೆ ಕೊಡಬಾರದು ಎಂದು ಕೋರ್ಟು ಕೊಟ್ಟ, ನಾಲ್ಕು ಮಡಿಕೆಯಾಗಿ ಇಟ್ಟ ರಕ್ಷಣಾ ಆದೇಶ. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯಲು ಶುರುವಾಗಿತ್ತು.

“ಅಕ್ಕಾ, ಇವರು ಮನೆಗೆ ಬಂದು ಒಂದೂವರೆ ತಿಂಗಳಾಯ್ತು. ಕುಡಿತ ಬಿಟ್ಟಿದ್ದಾರೆ. ಇನ್ನು ಇದು ಬೇಡ ಅಲ್ವಾ? ಹರಿದು ಹಾಕಿದರೆ ಆಗ್ತದಾ?”

ಆಗುವುದಿಲ್ಲ. ಕಾಗದ ಹರಿದರೂ ಆದೇಶ ಕೋರ್ಟಿನಲ್ಲಿ ಹಾಗೇ ಇರುತ್ತದೆ. ಇನ್ನೊಂದು ವಿಷಯ ಅವರಿಗೆ ಗೊತ್ತಿರಲಿಲ್ಲ. ಗಂಡ ಮನೆಗೆ ಬಂದ ಆ ಒಂದೂವರೆ ತಿಂಗಳೂ ಕಾನೂನಿನ ಲೆಕ್ಕದಲ್ಲಿ ಆದೇಶ ಮುರಿದ ದಿನಗಳೇ. ‘ಅವಳೇ ಕರೆದಳು’ ಎಂದು ಗಂಡ ಹೇಳಿದರೂ ಆದೇಶ ರದ್ದಾಗುವುದಿಲ್ಲ. ಮಹಿಳೆಯರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಅಂದರೆ ನಾವೆಲ್ಲ ಡಿವಿ ಕೇಸ್ ಎನ್ನುವ 2005ರ ಕಾಯ್ದೆಯ 31ನೇ ಕಲಂ ಪ್ರಕಾರ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅದು ಜಾಮೀನು ಸಿಗದ ಅಪರಾಧ ಎಂದು 32ನೇ ಕಲಂ ಹೇಳುತ್ತದೆ. ಅಂದರೆ ಸ್ಟೇಷನ್ನಿನಲ್ಲೇ ಜಾಮೀನು ಆಗುವುದಿಲ್ಲ, ಕೋರ್ಟಿಗೇ ಹೋಗಬೇಕು.

ಹಾಗಾಗಿ ಮೊದಲ ಮಾತು ಇಷ್ಟೇ: ಮೊದಲು ಕೋರ್ಟು, ಆಮೇಲೆ ಮನೆ. ಆದೇಶ ಬದಲಾಗುವ ತನಕ ಅವರು ಬೇರೆ ಕಡೆ ಇರಲಿ. ಪಂಚಾಯತಿನ ಜಾಗ್ರತಾ ಸಮಿತಿಯಲ್ಲಿ ಆದ ರಾಜಿ, ದೇವಸ್ಥಾನದಲ್ಲಿ ಮಾಡಿದ ಪ್ರಮಾಣ, ಹಿರಿಯರು ಕೂತು ಬರೆಸಿದ ಮುಚ್ಚಳಿಕೆ, ಯಾವುದೂ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಸಮ ಅಲ್ಲ.

ಹೆಜ್ಜೆ 1: ಕೈಯಲ್ಲಿರುವ ಕಾಗದ ಯಾವುದು ಎಂದು ನೋಡಿ

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ. ಆದೇಶ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಮಲಯಾಳಂನಲ್ಲಿ. ಮಲಯಾಳಂ ಕೇಳಿ ಅರ್ಥವಾದರೂ ಕೋರ್ಟಿನ ಮಲಯಾಳಂ ಬೇರೆಯೇ. ‘ಹರ್ಜಿಕ್ಕಾರಿ’ ಎಂದರೆ ಅರ್ಜಿ ಹಾಕಿದ ನೀವು. ‘ಎದಿರ್‌ಕಕ್ಷಿ’ ಎಂದರೆ ಎದುರುದಾರ. ‘ಉತ್ತರವ್’ ಎಂದರೆ ಉತ್ತರ ಅಲ್ಲ, ಆದೇಶ. ‘ವಿಧಿ’ ಎಂದರೆ ತೀರ್ಪು. “ವಿಧಿ ಬಂತು” ಎಂದು ಯಾರೋ ಹೇಳಿದ್ದಕ್ಕೆ ಒಬ್ಬ ಅಜ್ಜಿ ಹಣೆಬರಹದ ಮಾತೆಂದುಕೊಂಡು ಅಳಲು ಶುರು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಗದದಲ್ಲಿ ನಾಲ್ಕು ವಿಷಯ ಹುಡುಕಿ. ಎಂ.ಸಿ. ನಂಬರ್ (ಕೋರ್ಟು ನಿಮ್ಮ ಕೇಸಿಗೆ ಕೊಟ್ಟ ನಂಬರ್) ಮತ್ತು ವರ್ಷ, ಆದೇಶ ಕೊಟ್ಟ ಕೋರ್ಟು, ಆದೇಶದ ತಾರೀಕು, ಎದುರುದಾರರು ಎಷ್ಟು ಜನ. ಕೊನೆಯದು ಮುಖ್ಯ. ಹಲವು ಆದೇಶಗಳಲ್ಲಿ 1ನೇ ಎದುರುದಾರ ಗಂಡ, 2 ಮತ್ತು 3ನೆಯವರು ಅತ್ತೆ, ಮಾವ ಅಥವಾ ಮೈದುನ. ರಾಜಿ ಆದದ್ದು ಗಂಡನ ಜೊತೆ ಮಾತ್ರವೋ, ಎಲ್ಲರ ಜೊತೆಯೋ? ಗಂಡನೊಬ್ಬನ ಮಟ್ಟಿಗೆ ಬದಲಾಯಿಸಿ, ಉಳಿದವರ ಮೇಲಿನ ಆದೇಶ ಹಾಗೇ ಇರಲಿ ಎಂದು ಕೇಳಲು ಏನೂ ಅಡ್ಡಿ ಇಲ್ಲ.

ನಂತರ ಅದು ಮಧ್ಯಂತರ ಆದೇಶವೋ, ಕೊನೆಯ ಆದೇಶವೋ ನೋಡಿ. ಕೇಸು ಇನ್ನೂ ನಡೆಯುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಹೆಚ್ಚಾಗಿ 23ನೇ ಕಲಂನ ಮಧ್ಯಂತರ ಆದೇಶ. ಮೂಲ ಅರ್ಜಿ ವಾಪಸ್ ತೆಗೆದುಕೊಂಡರೆ ಅದೂ ಅದರ ಜೊತೆ ಹೋಗುತ್ತದೆ. ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಅರ್ಜಿಯಲ್ಲಿ ನೀವು ಕೇಳಿದ್ದ ಜೀವನಾಂಶ, ಮನೆಯಲ್ಲಿ ಇರುವ ಹಕ್ಕು, ಮಕ್ಕಳ ವಿಷಯ ಎಲ್ಲವೂ ಹೋಗುತ್ತದೆ. ಹಾಗಾಗಿ ಕೇಸು ಪೂರ್ತಿ ವಾಪಸ್ ಪಡೆಯುವ ಬದಲು ಮಧ್ಯಂತರ ಆದೇಶವನ್ನಷ್ಟೇ ಬದಲಾಯಿಸಿ ಎಂದು ಕೇಳಬಹುದು.

ಆದೇಶದ ಪ್ರತಿ ಕಳೆದುಹೋಗಿದ್ದರೆ ಗಾಬರಿ ಬೇಡ. 24ನೇ ಕಲಂ ಪ್ರಕಾರ ಆದೇಶದ ಪ್ರತಿಯನ್ನು ಕೋರ್ಟು ಎರಡೂ ಕಡೆಯವರಿಗೆ, ಆ ವ್ಯಾಪ್ತಿಯ ಪೊಲೀಸ್ ಸ್ಟೇಷನ್ನಿಗೆ ಪುಕ್ಕಟೆಯಾಗಿ ಕೊಡಬೇಕು. ಡಿವಿ ಕೇಸಿನಲ್ಲಿ ಹೆಂಗಸರಿಗೆ ನೆರವಾಗಲು ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಯ ಕಚೇರಿಯಲ್ಲೂ ನಿಮ್ಮ ಫೈಲ್ ಇರುವ ಸಾಧ್ಯತೆ ಇದೆ. ಕೇರಳದಲ್ಲಿ ಇವರನ್ನು ವುಮನ್ ಪ್ರೊಟೆಕ್ಷನ್ ಆಫೀಸರ್ ಎನ್ನುತ್ತಾರೆ.

ಹೆಜ್ಜೆ 2: ಯಾವುದು ತೆಗೆಸಬೇಕು, ಯಾವುದು ಇರಲಿ

ನನ್ನ ಅಭಿಪ್ರಾಯ ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ‘ಆರ್ಡರ್ ಕ್ಯಾನ್ಸಲ್ ಮಾಡಿಸಬೇಕು’ ಎಂದು ಬರುವವರಲ್ಲಿ ಹೆಚ್ಚಿನವರಿಗೆ ಪೂರ್ತಿ ಕ್ಯಾನ್ಸಲ್ ಬೇಕಾಗಿಯೇ ಇರುವುದಿಲ್ಲ.

ಪೆರ್ಲದ ಹೆಂಗಸಿನ ಆದೇಶವನ್ನು ನಾವು ಮೇಜಿನ ಮೇಲೆ ಬಿಡಿಸಿಟ್ಟು ಒಂದೊಂದೇ ಸಾಲು ಓದಿದೆವು. ಮೊದಲನೆಯದು: ಎದುರುದಾರ ಯಾವುದೇ ದೌರ್ಜನ್ಯ ಮಾಡಬಾರದು. ಎರಡನೆಯದು: ಫೋನ್, ಮೆಸೇಜ್, ಪತ್ರ ಯಾವ ರೀತಿಯಲ್ಲೂ ಸಂಪರ್ಕಿಸಬಾರದು. ಮೂರನೆಯದು: ಅರ್ಜಿದಾರೆ ಕೆಲಸ ಮಾಡುವ ಜಾಗಕ್ಕೆ, ಮಗಳ ಶಾಲೆಗೆ ಹೋಗಬಾರದು. ನಾಲ್ಕನೆಯದು: ಜಂಟಿ ಖಾತೆಯಿಂದ ಹಣ ತೆಗೆಯಬಾರದು, ಆಕೆಯ ಚಿನ್ನ ಮಾರಬಾರದು. ಇವೆಲ್ಲ 18ನೇ ಕಲಂನ ಕೆಳಗೆ ಬರುವಂಥವು. ಐದನೆಯದು ಮಾತ್ರ ಬೇರೆ: ಆಕೆ ವಾಸವಿರುವ ಮನೆಗೆ ಕಾಲಿಡಬಾರದು. ಅದು 19ನೇ ಕಲಂನದ್ದು.

“ಅವರು ಮನೆಗೆ ಬರಬೇಕಾದರೆ ಇದರಲ್ಲಿ ಯಾವುದು ಹೋಗಬೇಕು?” ಎಂದು ಕೇಳಿದೆ.

ಅವರು ಬೆರಳಿಟ್ಟು ನೋಡಿದರು. ಎರಡನೆಯದು, ಐದನೆಯದು. ಶಾಲೆಯದ್ದೂ ಹೋಗಲಿ, ಮಗಳನ್ನು ಬಿಡಲು ಹೋಗಬೇಕಲ್ಲ ಎಂದರು. ಆಮೇಲೆ ಮೊದಲನೆಯ ಸಾಲಿನ ಮೇಲೆ ಬೆರಳು ನಿಂತಿತು. “ಇದು ಇದ್ದರೆ ಅವರಿಗೇನು ತೊಂದರೆ?” ಎಂದು ಅವರೇ ಕೇಳಿದರು.

ಏನೂ ತೊಂದರೆ ಇಲ್ಲ. ಹೊಡೆಯಬಾರದು ಎಂಬ ಆದೇಶ ಇದ್ದುಕೊಂಡೇ ಗಂಡ ಮನೆಗೆ ಬರಬಹುದು, ಸಂಸಾರ ಮಾಡಬಹುದು, ಹೊಸ ಬೈಕು ತೆಗೆದುಕೊಳ್ಳಬಹುದು. ಹೊಡೆಯದವನಿಗೆ ಆ ಸಾಲಿನಿಂದ ಒಂದು ಪೈಸೆಯ ನಷ್ಟವಿಲ್ಲ. ಅದನ್ನೂ ತೆಗೆಸಲೇಬೇಕು ಎಂದು ಅವರ ಕಡೆಯವರು ಹಟ ಹಿಡಿದರೆ, ಯಾಕೆ ಎಂದು ಒಮ್ಮೆ ಕೇಳಿ ನೋಡಿ. ಚಿನ್ನ ಮತ್ತು ಜಂಟಿ ಖಾತೆಯ ಸಾಲನ್ನೂ ಒಂದು ವರ್ಷ ಹಾಗೇ ಬಿಡುವುದು ಒಳ್ಳೆಯದು ಎನ್ನುವವಳು ನಾನು. ಆ ಹೆಂಗಸು ಒಂದೂ ನಾಲ್ಕೂ ಇರಲಿ ಎಂದರು.

18 ಮತ್ತು 19 ಎಂದು ಯಾಕೆ ಬೇರೆ ಮಾಡಿದೆ ಎಂದರೆ, ದಾರಿಯೂ ಬೇರೆ. 25ನೇ ಕಲಂನ ಮೊದಲ ಭಾಗದ ಪ್ರಕಾರ 18ರ ರಕ್ಷಣಾ ಆದೇಶ ಹೆಣ್ಣುಮಗಳು ಸ್ವತಃ ಬಿಡುಗಡೆಗೆ, ಅಂದರೆ ಆ ಆದೇಶ ತೆಗೆಯಲು, ಅರ್ಜಿ ಹಾಕುವ ತನಕ ಜಾರಿಯಲ್ಲಿ ಇರುತ್ತದೆ. ಅದಕ್ಕೆ ಅವಧಿ ಮುಗಿಯುವುದು ಅಂತ ಇಲ್ಲ. 19ರ ಮನೆಯ ಆದೇಶ, 20ರ ಹಣದ ಆದೇಶ, 21ರ ಮಕ್ಕಳ ಆದೇಶ ಇವನ್ನು ಬದಲಾಯಿಸಲು 25ರ ಎರಡನೇ ಭಾಗ. ಅಲ್ಲಿ ‘ಪರಿಸ್ಥಿತಿ ಬದಲಾಗಿದೆ’ ಎಂದು ಮ್ಯಾಜಿಸ್ಟ್ರೇಟರಿಗೆ ಮನವರಿಕೆಯಾಗಬೇಕು. ಅವರು ಕಾರಣ ಬರೆದು ಆದೇಶ ಮಾಡುತ್ತಾರೆ. ನಿಮಗೆ ಎರಡೂ ಬೇಕಿದ್ದರೆ ಒಂದೇ ಅರ್ಜಿಯಲ್ಲಿ ಎರಡನ್ನೂ ಕಾಣಿಸಿ.

ಹೆಜ್ಜೆ 3: ಇದು ನಿಮ್ಮದೇ ಮನಸ್ಸಾ?

ಈ ಪ್ರಶ್ನೆ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಮ್ಯಾಜಿಸ್ಟ್ರೇಟರೂ ಇದನ್ನೇ ಕೇಳುತ್ತಾರೆ. ‘ಕೇಸು ತೆಗೆದರೆ ಮಾತ್ರ ಮಗುವನ್ನು ಕಳಿಸುತ್ತೇವೆ’, ‘ತಂಗಿಯ ಮದುವೆಗೆ ಅಡ್ಡಿ ಆಗ್ತದೆ’, ‘ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಬೇಕು’ ಎಂಬ ಮಾತುಗಳು ನಮ್ಮೂರಲ್ಲಿ ಸಾಮಾನ್ಯ. ಗಲ್ಫಿನ ಕಾರಣವಾದರೆ ಅದನ್ನೇ ವಕೀಲರಿಗೆ ಹೇಳಿ. ಬೇರೆ ಉಪಾಯ ಇರಬಹುದು, ನಿಮ್ಮ ರಕ್ಷಣೆ ಬಿಟ್ಟುಕೊಡಬೇಕೆಂದಿಲ್ಲ.

ಅರ್ಜಿ ಹಾಕುವ ಮೊದಲು ರಕ್ಷಣಾಧಿಕಾರಿಯ ಹತ್ತಿರ ಒಂದು ಗಂಟೆ ಕೂತು ಬನ್ನಿ. ಡಿವಿ ಕಾಯ್ದೆಯ 2006ರ ನಿಯಮಗಳಲ್ಲಿ ‘ಸುರಕ್ಷಾ ಯೋಜನೆ’ ಎಂಬ ಒಂದು ನಮೂನೆಯೇ ಇದೆ, 5ನೇ ನಮೂನೆ. ಮತ್ತೆ ಜಗಳವಾದರೆ ಏನಾಗಬಹುದೆಂಬ ಭಯ ಇದೆ, ಅದಕ್ಕೆ ಏನು ಏರ್ಪಾಡು ಬೇಕು ಎಂದು ಅದರಲ್ಲಿ ಬರೆಯುತ್ತಾರೆ. ಕೇಸು ಹಾಕುವಾಗ ಅದನ್ನು ಒಮ್ಮೆ ತುಂಬಿದ್ದರೆ, ಈಗ ಹೊಸದಾಗಿ ತುಂಬಿಸಿ.

ಹೆಜ್ಜೆ 4: ವಕೀಲರು

ಅವರ ವಕೀಲರೇ ನಿಮಗೂ ಅರ್ಜಿ ಬರೆದುಕೊಡುತ್ತೇನೆ, ಖರ್ಚು ಉಳಿಯುತ್ತದೆ ಎಂದರೆ ಬೇಡ ಎನ್ನಿ. ನಯವಾಗಿ ಹೇಳಿದರೂ ಸಾಕು, ಆದರೆ ಬೇಡ ಎನ್ನಿ. ಖಾಲಿ ಕಾಗದಕ್ಕೋ, ಓದಿ ಹೇಳದ ಮಲಯಾಳಂ ಕಾಗದಕ್ಕೋ ಸಹಿ ಹಾಕಬೇಡಿ.

ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗಲು ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಅದನ್ನು ಕೊಟ್ಟಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಕನ್ನಡ ಗೊತ್ತಿರುವ ವಕೀಲರೇ ಬೇಕು ಎಂದು ಮೊದಲೇ ಹೇಳಿ. ಕಾಸರಗೋಡಿನ ವಕೀಲರ ಸಂಘದಲ್ಲಿ ಕನ್ನಡ, ತುಳು ಮಾತಾಡುವ ವಕೀಲರಿಗೆ ಕೊರತೆ ಇಲ್ಲ. ಕೇಳದಿದ್ದರೆ ಮಾತ್ರ ಯಾರೂ ತಾವಾಗಿ ಹುಡುಕಿಕೊಡುವುದಿಲ್ಲ.

ಹೆಜ್ಜೆ 5: ಅರ್ಜಿ ಬರೆಯುವುದು

ಆದೇಶ ಕೊಟ್ಟ ಕೋರ್ಟಿಗೇ ಅರ್ಜಿ. ಕಾಸರಗೋಡು ವಿದ್ಯಾನಗರದ ಕೋರ್ಟಾದರೆ ಅಲ್ಲಿ, ಹೊಸದುರ್ಗವಾದರೆ ಕಾಞಂಗಾಡಿಗೆ ಹೋಗಬೇಕು. ಗಡಿಯಲ್ಲಿ ಇರುವ ನಮಗೆ ಇದು ಮುಖ್ಯ. ಗಂಡನ ಮನೆ ಪುತ್ತೂರಿನಲ್ಲಿ, ತವರು ಕುಂಬಳೆಯಲ್ಲಿ, ಕೇಸು ಹಾಕಿದ್ದು ಪುತ್ತೂರಿನಲ್ಲಿ ಎಂದಾದರೆ ಕಾಸರಗೋಡಿನಲ್ಲಿ ಬಿಡುಗಡೆ ಆಗುವುದಿಲ್ಲ. ಈ ಆದೇಶಗಳು ದೇಶದ ಎಲ್ಲ ಕಡೆ ಜಾರಿ ಎಂದು 27ನೇ ಕಲಂ ಹೇಳುತ್ತದೆ. ತಲಪಾಡಿ ದಾಟಿದ ಕೂಡಲೇ ಅದು ಕರಗುವುದಿಲ್ಲ.

2006ರ ನಿಯಮಗಳಲ್ಲಿ ಏಳು ನಮೂನೆಗಳಿವೆ. ಬಿಡುಗಡೆ ಅರ್ಜಿಗೆ ಅಂತ ಒಂದೂ ಇಲ್ಲ. ಹಾಗಾಗಿ ಸಾಮಾನ್ಯ ಅರ್ಜಿ, ಜೊತೆಗೆ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆ. ಅದು ಮಲಯಾಳಂ ಅಥವಾ ಇಂಗ್ಲಿಷಿನಲ್ಲಿ ಹೋಗುತ್ತದೆ. ಆದರೆ ಮೊದಲು ಕನ್ನಡದಲ್ಲಿ ನೀವೇ ಹೇಳಿ ಬರೆಸಿ, ಆಮೇಲೆ ವಕೀಲರು ಅದನ್ನು ಬದಲಾಯಿಸಲಿ. ಹೆಚ್ಚುಕಡಿಮೆ ಹೀಗೆ:

“ಈ ಕೋರ್ಟಿನ ಎಂ.ಸಿ. ನಂಬರ್ ಇಂಥದ್ದರಲ್ಲಿ ಇಂಥ ತಾರೀಕಿಗೆ ನನ್ನ ಪರವಾಗಿ ಆದೇಶವಾಗಿದೆ. ಆದೇಶದ ನಂತರ 1ನೇ ಎದುರುದಾರರು ಕುಡಿತ ಬಿಡುವ ಚಿಕಿತ್ಸೆ ಪಡೆದಿದ್ದಾರೆ, ದಾಖಲೆ ಲಗತ್ತಿಸಿದೆ. ನಾನು ಅವರ ಜೊತೆ ಒಂದೇ ಮನೆಯಲ್ಲಿ ಇರಲು ತೀರ್ಮಾನಿಸಿದ್ದೇನೆ. ಈ ತೀರ್ಮಾನ ನನ್ನದೇ, ಯಾರೂ ಒತ್ತಾಯಿಸಿಲ್ಲ. ಆದ್ದರಿಂದ ಆದೇಶದ 2, 3 ಮತ್ತು 5ನೇ ಅಂಶಗಳನ್ನು 1ನೇ ಎದುರುದಾರರ ಮಟ್ಟಿಗೆ ಮಾತ್ರ ರದ್ದು ಮಾಡಬೇಕು. 1 ಮತ್ತು 4ನೇ ಅಂಶಗಳು ಹಾಗೇ ಮುಂದುವರಿಯಬೇಕು.”

ಇದರಲ್ಲಿ ಏನು ಇಲ್ಲ ಎಂದು ಗಮನಿಸಿ. ‘ನಾನು ಮೊದಲು ಕೊಟ್ಟ ದೂರು ಸುಳ್ಳು’ ಎಂದು ಇಲ್ಲ. ‘ತಪ್ಪು ತಿಳುವಳಿಕೆಯಿಂದ ಕೇಸು ಹಾಕಿದ್ದೆ’ ಎಂದೂ ಇಲ್ಲ. ಈ ಸಾಲು ಸೇರಿಸಲು ಎದುರಿನವರು ತುಂಬಾ ಆಸೆಪಡುತ್ತಾರೆ. ಸೇರಿಸಬೇಡಿ. ಹೊಡೆದದ್ದು ನಿಜವಾದರೆ ಪ್ರಮಾಣ ಮಾಡಿ ಸುಳ್ಳು ಬರೆದಂತಾಗುತ್ತದೆ. ನಾಳೆ ಮತ್ತೆ ಕೋರ್ಟಿಗೆ ಬರಬೇಕಾದರೆ ಆ ಕಾಗದವನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಬಿಡುಗಡೆ ಕೇಳಲು ಹಳೆಯದನ್ನು ಅಳಿಸಬೇಕಾಗಿಲ್ಲ. ಆದೇಶದ ನಂತರ ಏನು ಬದಲಾಯಿತು ಎಂದು ಹೇಳಿದರೆ ಸಾಕು.

ಆದೇಶ ಜಾರಿಯಲ್ಲಿ ಇರುವಾಗಲೇ ಅವರು ಮನೆಗೆ ಬಂದು ಇದ್ದರೆ, ಅದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು ಎಂಬುದನ್ನು ವಕೀಲರನ್ನು ಕೇಳದೆ ಬರೆಯಬೇಡಿ. ಮುಚ್ಚಿಡಿ ಎನ್ನುತ್ತಿಲ್ಲ. ಮಾತು ನೋಡಿ ಆಡಿ ಎನ್ನುತ್ತಿದ್ದೇನೆ.

ಜೊತೆಗೆ ಬೇಕಾದದ್ದು: ಆದೇಶದ ಪ್ರತಿ, ಆಧಾರ್, ಚಿಕಿತ್ಸೆ ಅಥವಾ ಕೌನ್ಸೆಲಿಂಗಿನ ಕಾಗದ ಇದ್ದರೆ ಅದು, ರಾಜಿ ಬರೆದಿದ್ದರೆ ಅದರ ಪ್ರತಿ, ವಕೀಲರಿದ್ದರೆ ವಕಾಲತ್ತು. ಪ್ರತಿಯೊಂದರ ಎರಡು ಫೋಟೋಸ್ಟಾಟ್ ಜಾಸ್ತಿ ಇಟ್ಟುಕೊಳ್ಳಿ.

ಹೆಜ್ಜೆ 6: ಕೋರ್ಟಿನ ದಿನ

ಹತ್ತೂವರೆಗೆ ಅಲ್ಲಿರಿ. ಕರೆಯುವುದು ನಾಲ್ಕು ಗಂಟೆಗೂ ಆಗಬಹುದು, ಊಟದ ಡಬ್ಬಿ ಇದ್ದರೆ ಒಳ್ಳೆಯದು. ಗಂಡನ ಜೊತೆ ಒಂದೇ ಬೈಕಿನಲ್ಲಿ ಬರಬೇಡಿ. ಸಂಪರ್ಕವೇ ಬೇಡ ಎಂಬ ಆದೇಶ ಇನ್ನೂ ಜಾರಿಯಲ್ಲಿದೆ, ನೆನಪಿರಲಿ.

ಅರ್ಜಿಯ ಬಗ್ಗೆ ಎದುರುದಾರರಿಗೂ ತಿಳಿಸುತ್ತಾರೆ. ಮ್ಯಾಜಿಸ್ಟ್ರೇಟರು ನಿಮ್ಮನ್ನು ನೇರವಾಗಿ ಕೇಳುವ ಸಾಧ್ಯತೆ ಜಾಸ್ತಿ: ಯಾಕೆ ಬೇಡ, ಯಾರ ಜೊತೆ ಬಂದಿದ್ದೀರಿ, ಈಗ ಎಲ್ಲಿ ವಾಸ, ಮಕ್ಕಳು ಎಲ್ಲಿ. ಎಲ್ಲರ ಎದುರು ಹೇಳಲು ಆಗದಿದ್ದರೆ 16ನೇ ಕಲಂ ಪ್ರಕಾರ ಮುಚ್ಚಿದ ಬಾಗಿಲಿನ ವಿಚಾರಣೆ ಕೇಳಬಹುದು. ಪ್ರಶ್ನೆ ಮಲಯಾಳಂನಲ್ಲಿ ಬಂದು ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ. “ನನಗೆ ಕನ್ನಡ ಮಾತ್ರ ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ ಹೇಳಿಸಿ” ಎನ್ನಿ. ಹಾಗೆ ಕೇಳಿದ್ದಕ್ಕೆ ಯಾರೂ ಬೈದದ್ದನ್ನು ನಾನು ನೋಡಿಲ್ಲ. ತಲೆ ಆಡಿಸಿ ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಮ್ಯಾಜಿಸ್ಟ್ರೇಟರಿಗೆ ಸಂಶಯ ಬಂದರೆ 14ನೇ ಕಲಂ ಪ್ರಕಾರ ಕೌನ್ಸೆಲಿಂಗಿಗೆ ಕಳಿಸಬಹುದು, ಇಬ್ಬರನ್ನೂ ಒಟ್ಟಿಗೆ ಅಥವಾ ಬೇರೆ ಬೇರೆಯಾಗಿ. ಹಾಗೆ ಕಳಿಸಿದರೆ ಮುಂದಿನ ತಾರೀಕು ಎರಡು ತಿಂಗಳೊಳಗೆ ಇರಬೇಕು. ಅವಸರದಲ್ಲಿ ಇರುವವರಿಗೆ ಇದು ಕಿರಿಕಿರಿ. ಆದರೆ ಆ ಎರಡು ತಿಂಗಳು ಗಂಡನ ತಾಳ್ಮೆಯ ಪರೀಕ್ಷೆಯೂ ಹೌದು.

ಅರ್ಜಿ ಗಂಡನ ಕಡೆಯಿಂದ ಬಂದರೆ

25ರ ಎರಡನೇ ಭಾಗದ ಅರ್ಜಿಯನ್ನು ಎದುರುದಾರನೂ ಹಾಕಬಹುದು. ನೋಟಿಸ್ ಬಂದರೆ ಕೋರ್ಟಿಗೆ ಹೋಗಿ ನಿಮ್ಮ ಮಾತು ಹೇಳಿ, ಮನೆಯಲ್ಲಿ ಕೂರಬೇಡಿ. ಈ ಬಗ್ಗೆ ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಒಂದು ತೀರ್ಪು ಕೊಟ್ಟಿದೆ. ಕೇಸು ಕರ್ನಾಟಕದ್ದು. 2015ರಲ್ಲಿ ಹೆಂಡತಿಗೆ ತಿಂಗಳಿಗೆ 12,000 ರೂಪಾಯಿಯ ಆದೇಶ ಆಗಿತ್ತು. ವರ್ಷಗಳ ನಂತರ ಗಂಡ ಆ ಆದೇಶವನ್ನೇ ರದ್ದು ಮಾಡಿ, ಕೊಟ್ಟ ಹಣ ವಾಪಸ್ ಕೊಡಿಸಿ ಎಂದು ಕೇಳಿದ. ಆಗುವುದಿಲ್ಲ ಎಂದಿತು ಕೋರ್ಟು. ಬದಲಾದ ಪರಿಸ್ಥಿತಿ ಎಂದರೆ ಆದೇಶದ ನಂತರ ಬದಲಾದದ್ದು. ರದ್ದು ಮಾಡಿದರೂ ಅದು ಮುಂದಕ್ಕೆ ಮಾತ್ರ ಅನ್ವಯ, ಹಿಂದಿನದಕ್ಕಲ್ಲ. ಮೊದಲ ಆದೇಶವೇ ತಪ್ಪು ಎನ್ನುವವರಿಗೆ ಬೇರೆ ದಾರಿ ಇದೆ: 29ನೇ ಕಲಂನ ಕೆಳಗೆ ಸೆಷನ್ಸ್ ಕೋರ್ಟಿಗೆ 30 ದಿನಗಳೊಳಗೆ ಅಪೀಲು.

ಇದರಿಂದ ಮುಗಿಯದ ಕೇಸುಗಳು

ರಕ್ಷಣಾ ಆದೇಶ ಹೋದರೆ ಎಲ್ಲ ಕೇಸೂ ಹೋಯಿತು ಎಂದು ತಿಳಿಯಬೇಡಿ. ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕಾಗಿ ಪೊಲೀಸ್ ದೂರಿನಿಂದ ಶುರುವಾದ ಭಾರತೀಯ ದಂಡ ಸಂಹಿತೆಯ 498ಎ ಕೇಸು, 2024ರ ಜುಲೈ 1ರ ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನ ಕೇಸು, ಬೇರೆಯೇ ನಡೆಯುತ್ತದೆ. ಕೇರಳದಲ್ಲಿ ಅದನ್ನು ಇಬ್ಬರೂ ಒಪ್ಪಿ ಕೆಳಗಿನ ಕೋರ್ಟಿನಲ್ಲಿ ಮುಗಿಸಲು ಬರುವುದಿಲ್ಲ. ಎರ್ನಾಕುಳಂನ ಹೈಕೋರ್ಟಿಗೆ ಹೋಗಿ ರದ್ದು ಕೇಳಬೇಕು. ಹಿಂದೆ ಆದೇಶ ಮುರಿದದ್ದಕ್ಕೆ 31ನೇ ಕಲಂನಲ್ಲಿ ಕೇಸು ಆಗಿದ್ದರೆ ಅದೂ ಬಿಡುಗಡೆಯಿಂದ ತಾನಾಗಿ ಬೀಳುವುದಿಲ್ಲ. ಫ್ಯಾಮಿಲಿ ಕೋರ್ಟಿನ ಜೀವನಾಂಶದ್ದು ಮತ್ತೊಂದು ಫೈಲು.

ಹೆಜ್ಜೆ 7: ಆದೇಶ ಸಿಕ್ಕಿದ ಮೇಲೆ

ಮ್ಯಾಜಿಸ್ಟ್ರೇಟರು ಬಾಯಲ್ಲಿ ಹೇಳಿದ ಕೂಡಲೇ ಗಂಡನಿಗೆ ಫೋನ್ ಮಾಡಬೇಡಿ. ಬರೆದ ಆದೇಶ ಕೈಗೆ ಬರಲಿ. ಬಂದ ಮೇಲೆ ನೀವು ಕೇಳಿದ ಅಂಶಗಳೇ ರದ್ದಾಗಿವೆಯೇ, ಇರಲಿ ಎಂದದ್ದು ಉಳಿದಿದೆಯೇ ಎಂದು ವಕೀಲರಿಂದ ಓದಿಸಿಕೊಳ್ಳಿ.

ಆಮೇಲೆ ಪೊಲೀಸ್ ಸ್ಟೇಷನ್. ಕೋರ್ಟು ಪ್ರತಿ ಕಳಿಸುತ್ತದೆ, ಸರಿ. ಆದರೂ ನೀವೇ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿ ತನ್ನಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಬಿಡುಗಡೆಯಾಗಿ ತಿಂಗಳುಗಳಾದ ಮೇಲೆ ಅಕ್ಕಪಕ್ಕದವರು ಯಾವುದೋ ಗಲಾಟೆಗೆ ಪೊಲೀಸರನ್ನು ಕರೆದರು. ಸ್ಟೇಷನ್ನಿನ ಪುಸ್ತಕದಲ್ಲಿ ಹಳೆಯ ಆದೇಶ ಮಾತ್ರ ಇತ್ತು. ಗಂಡ ಸಂಜೆ ತನಕ ಬೆಂಚಿನ ಮೇಲೆ ಕೂತಿದ್ದ. ಹೆಂಡತಿ ಕಪಾಟಿನಿಂದ ಕಾಗದ ಹುಡುಕಿ ಆಟೋ ಹಿಡಿದು ತಂದ ಮೇಲೆ ಬಿಟ್ಟರು. ಗಡಿಯ ಆಚೆ ಗಂಡನ ಊರಿನ ಸ್ಟೇಷನ್ನಿಗೂ ಮೊದಲು ಪ್ರತಿ ಹೋಗಿದ್ದರೆ ಅಲ್ಲಿಗೂ ಒಂದು ಕೊಡಿ. ರಕ್ಷಣಾಧಿಕಾರಿಗೆ ಒಂದು, ಮಗುವಿನ ಶಾಲೆಯಲ್ಲಿ ಹಳೆಯ ಆದೇಶ ಕೊಟ್ಟಿದ್ದರೆ ಅಲ್ಲಿಗೊಂದು.

ಹಳೆಯ ಆದೇಶ, ಗಾಯದ ಆಸ್ಪತ್ರೆ ಚೀಟಿ, ಫೋಟೋ ಯಾವುದನ್ನೂ ಬಿಸಾಡಬೇಡಿ. ಮತ್ತೆ ದೌರ್ಜನ್ಯ ನಡೆದರೆ ಡಿವಿ ಕಾಯ್ದೆಯ 12ನೇ ಕಲಂನಲ್ಲಿ ಹೊಸ ಅರ್ಜಿ ಹಾಕಬಹುದು. ಒಮ್ಮೆ ಬಿಡುಗಡೆ ಕೇಳಿದವರು ಮತ್ತೆ ಕೇಳಬಾರದು ಎಂದೇನಿಲ್ಲ. ನೀವು ಉಳಿಸಿಕೊಂಡ ಸಾಲು ಇದ್ದರೆ ಹೊಸ ಅರ್ಜಿಗೂ ಕಾಯಬೇಕಾಗಿಲ್ಲ, ಆದೇಶ ಮುರಿದರೆಂದು ನೇರ ದೂರು ಕೊಡಬಹುದು. ರಾತ್ರಿ ಹೊತ್ತಾದರೆ 112, ಇಲ್ಲವೇ ಮಹಿಳಾ ಸಹಾಯವಾಣಿ 181.

ಪೆರ್ಲದ ಹೆಂಗಸು ಹಳೆಯದು ಹೊಸದು ಎರಡನ್ನೂ ತವರಿನಲ್ಲಿ ಅತ್ತಿಗೆಯ ಕಪಾಟಿನಲ್ಲಿ ಇಟ್ಟಿದ್ದಾರೆ. ಗಂಡ ಹೊಸದರ ಒಂದು ಪ್ರತಿಯನ್ನು ಬೈಕಿನ ಆರ್‌ಸಿ ಜೊತೆ ಇಟ್ಟುಕೊಂಡಿದ್ದಾನಂತೆ.